ಎಪಕಾಡೊಸ್ಟ್ಯಾಟ್ ಸೋತದ್ದು ಎಲ್ಲಿ?

2018ರ ಏಪ್ರಿಲ್ 6ರಂದು ಅಮೆರಿಕದ ಇನ್‌ಸೈಟ್ ಮತ್ತು ಮರ್ಕ್ ಕಂಪನಿಗಳು ಒಂದು ಪ್ರಕಟಣೆ ಹೊರಡಿಸಿದವು. ಮೆಲನೋಮಾ ಎಂಬ ಚರ್ಮದ ಕ್ಯಾನ್ಸರ್‌ಗೆ ನಡೆಸುತ್ತಿದ್ದ ಮೂರನೇ ಹಂತದ ಟ್ರಯಲ್ ನಿಲ್ಲಿಸುತ್ತಿದ್ದೇವೆ ಎಂಬುದು ಅದರ ಸಾರ. ಟ್ರಯಲ್‌ನಲ್ಲಿ 706 ರೋಗಿಗಳಿದ್ದರು. ಒಂದು ಗುಂಪಿಗೆ ಪೆಂಬ್ರೊಲಿಝುಮ್ಯಾಬ್ ಎಂಬ, ರೋಗನಿರೋಧಕ ಕೋಶಗಳ ಬ್ರೇಕ್ ಬಿಡಿಸುವ ಆ್ಯಂಟಿಬಾಡಿಯ ಡ್ರಿಪ್ ಜೊತೆಗೆ ದಿನಕ್ಕೆರಡು ಸಲ ಎಪಕಾಡೊಸ್ಟ್ಯಾಟ್ ಮಾತ್ರೆ. ಇನ್ನೊಂದು ಗುಂಪಿಗೆ ಅದೇ ಡ್ರಿಪ್, ಆದರೆ ಮಾತ್ರೆಯಲ್ಲಿ ಔಷಧ ಇಲ್ಲ. ಯಾರಿಗೆ ಯಾವುದು ಅಂತ ರೋಗಿಗೂ ಗೊತ್ತಿಲ್ಲ, ವೈದ್ಯರಿಗೂ ಗೊತ್ತಿಲ್ಲ.

ಮರುವರ್ಷ ಲ್ಯಾನ್ಸೆಟ್ ಆಂಕಾಲಜಿ ಪತ್ರಿಕೆಯಲ್ಲಿ ಪೂರ್ತಿ ಲೆಕ್ಕ ಬಂತು. ಕಾಯಿಲೆ ಮತ್ತೆ ಮುಂದುವರಿಯದೆ ಉಳಿದ ಅವಧಿಯ ಮಧ್ಯಾಂಕ ಎಪಕಾಡೊಸ್ಟ್ಯಾಟ್ ಗುಂಪಿನಲ್ಲಿ 4.7 ತಿಂಗಳು, ಇನ್ನೊಂದರಲ್ಲಿ 4.9 ತಿಂಗಳು. ಗಡ್ಡೆ ಗಣನೀಯವಾಗಿ ಕುಗ್ಗಿದವರು ಶೇ 34.2, ಇನ್ನೊಂದು ಕಡೆ ಶೇ 31.5. ಒಂದು ವರ್ಷಕ್ಕೆ ಬದುಕಿದ್ದವರು ಶೇ 74.4 ಮತ್ತು ಶೇ 74.1. ಮಾತ್ರೆಯಿಂದ ಏನೂ ಆಗಲಿಲ್ಲ ಅನ್ನುವುದಕ್ಕೆ ಇದಕ್ಕಿಂತ ಸ್ಪಷ್ಟ ಅಂಕಿ ಸಿಗುವುದು ಕಷ್ಟ.

ಪ್ರಕಟಣೆ ಬಂದ ದಿನ ಇನ್‌ಸೈಟ್ ಷೇರಿನ ಬೆಲೆ ಐದನೇ ಒಂದು ಭಾಗಕ್ಕಿಂತ ಜಾಸ್ತಿ ಕುಸಿಯಿತು. ಎಪಕಾಡೊಸ್ಟ್ಯಾಟ್‌ನ ಗುರಿ ಐಡಿಒ1 ಎಂಬ ಕಿಣ್ವ. ಕೆಲವೇ ವಾರಗಳಲ್ಲಿ ಇದೇ ಗುರಿಯ ಮೇಲೆ ಕೆಲಸ ಮಾಡುತ್ತಿದ್ದ ಬ್ರಿಸ್ಟಲ್-ಮೈಯರ್ಸ್ ಸ್ಕ್ವಿಬ್ ಮತ್ತು ನ್ಯೂಲಿಂಕ್ ಕೂಡ ತಮ್ಮ ದೊಡ್ಡ ಟ್ರಯಲ್‌ಗಳಿಂದ ಹಿಂದೆ ಸರಿದವು. ಬ್ರಿಸ್ಟಲ್ ತನ್ನ ಅಣುವನ್ನು ಪಡೆಯಲೆಂದೇ 2015ರಲ್ಲಿ ಫ್ಲೆಕ್ಸಸ್ ಎಂಬ ಸಣ್ಣ ಕಂಪನಿಯನ್ನು 80 ಕೋಟಿ ಡಾಲರ್ ಮುಂಗಡ ಕೊಟ್ಟು ಕೊಂಡಿತ್ತು.

ಔಷಧಗಳು ಸೋಲುವುದು ಹೊಸದೇನಲ್ಲ. ಈ ಪ್ರಕರಣವನ್ನು ಬಿಡಿಸಿ ನೋಡಬೇಕು ಅನ್ನಿಸುವುದಕ್ಕೆ ಕಾರಣ ಬೇರೆ. ಇಲ್ಲಿ ಅಣು ಚೆನ್ನಾಗಿತ್ತು. ರಸಾಯನಶಾಸ್ತ್ರಜ್ಞರು ತಮಗೆ ಕೊಟ್ಟ ಕೆಲಸವನ್ನು ಅಚ್ಚುಕಟ್ಟಾಗಿ ಮಾಡಿದ್ದರು. ಎಡವಿದ್ದು ಅಣುವಿಗೂ ರೋಗಿಗೂ ನಡುವೆ ಎಲ್ಲೋ, ಅಳೆಯಬೇಕಾದ್ದನ್ನು ಅಳೆಯದೆ ಬಿಟ್ಟ ಜಾಗದಲ್ಲಿ. ಆ ಜಾಗ ಯಾವುದು ಅಂತ ಹುಡುಕುವುದೇ ಈ ಬರಹದ ಉದ್ದೇಶ.

ಗುರಿ ಸಿಕ್ಕಿದ್ದು ಹೇಗೆ

ಟ್ರಿಪ್ಟೊಫಾನ್ ಒಂದು ಅಮೈನೊ ಆಮ್ಲ. ಹಾಲು, ಮೊಟ್ಟೆ, ಬೇಳೆಯಿಂದ ನಮಗೆ ಸಿಗುತ್ತದೆ. ದೇಹ ಅದನ್ನು ತಾನಾಗಿ ತಯಾರಿಸಿಕೊಳ್ಳಲಾರದು. ಅದನ್ನು ಒಡೆದು ಕೈನುರೆನಿನ್ ಎಂಬ ವಸ್ತುವಿನ ದಾರಿಗೆ ತಳ್ಳುವ ಕಿಣ್ವಗಳಲ್ಲಿ ಐಡಿಒ1 ಒಂದು. ಈ ಕಿಣ್ವವನ್ನು ಮೊದಲು ಗುರುತಿಸಿದ್ದು ಜಪಾನಿನ ಒಸಾಮು ಹಯಾಯ್ಶಿ ಅವರ ತಂಡ, 1960ರ ದಶಕದಲ್ಲಿ, ಮೊಲದ ಕರುಳಿನಲ್ಲಿ. ಆಗ ಇದಕ್ಕೂ ಕ್ಯಾನ್ಸರ್‌ಗೂ ಸಂಬಂಧ ಇದೆ ಅಂತ ಯಾರೂ ಎಣಿಸಿರಲಿಲ್ಲ.

1998ರಲ್ಲಿ ಜಾರ್ಜಿಯಾ ರಾಜ್ಯದ ಆಗಸ್ಟಾದಲ್ಲಿ ಡೇವಿಡ್ ಮನ್ ಮತ್ತು ಆ್ಯಂಡ್ರೂ ಮೆಲ್ಲರ್ ತಂಡ ಒಂದು ಪ್ರಶ್ನೆ ಕೇಳಿಕೊಂಡಿತು. ಹೊಟ್ಟೆಯಲ್ಲಿರುವ ಮಗುವಿನ ಅರ್ಧ ವಂಶವಾಹಿ ತಂದೆಯದು. ಅಂದರೆ ತಾಯಿಯ ರೋಗನಿರೋಧಕ ವ್ಯವಸ್ಥೆಗೆ ಆ ಅರ್ಧ ಪರಕೀಯ. ಹಾಗಿದ್ದೂ ಅದು ಮಗುವಿನ ಮೇಲೆ ಯಾಕೆ ಮುಗಿಬೀಳುವುದಿಲ್ಲ? ಅವರು ಗರ್ಭಿಣಿ ಇಲಿಗಳಿಗೆ ಐಡಿಒ ತಡೆಯುವ 1-ಮೀಥೈಲ್ ಟ್ರಿಪ್ಟೊಫಾನ್ ಕೊಟ್ಟರು. ಬೇರೆ ತಳಿಯ ಗಂಡಿನಿಂದ ಆದ ಭ್ರೂಣಗಳು ಉಳಿಯಲಿಲ್ಲ. ಅದೇ ತಳಿಯ ಗಂಡಿನಿಂದ ಆದವು ಉಳಿದವು. ಮಗುವನ್ನು ತಾಯಿಯ ಟಿ ಕೋಶಗಳಿಂದ, ಅಂದರೆ ದಾಳಿ ಮಾಡುವ ರೋಗನಿರೋಧಕ ಕೋಶಗಳಿಂದ, ಕಾಯುತ್ತಿದ್ದದ್ದರಲ್ಲಿ ಈ ಕಿಣ್ವದ ಪಾಲು ಇದೆ ಅಂತ ಅಲ್ಲಿಗೆ ಗೊತ್ತಾಯಿತು.

ಮಗುವನ್ನು ಕಾಯುವ ದಾರಿಯನ್ನೇ ಕ್ಯಾನ್ಸರ್ ಗಡ್ಡೆಯೂ ಬಳಸಿಕೊಳ್ಳುತ್ತಿರಬಹುದು ಎಂಬ ಯೋಚನೆ ಬರಲು ಜಾಸ್ತಿ ಸಮಯ ಹಿಡಿಯಲಿಲ್ಲ. 2003ರಲ್ಲಿ ಬ್ರಸೆಲ್ಸ್‌ನ ತಂಡವೊಂದು ಮನುಷ್ಯರ ಹಲವು ಬಗೆಯ ಗಡ್ಡೆಗಳಲ್ಲಿ ಐಡಿಒ ಇರುವುದನ್ನು ತೋರಿಸಿತು. ವಿವರಣೆ ಎರಡು ಬಗೆಯದಾಗಿತ್ತು. ಒಂದು, ಗಡ್ಡೆಯ ಸುತ್ತ ಟ್ರಿಪ್ಟೊಫಾನ್ ಬರಿದಾಗುತ್ತದೆ, ಅದಿಲ್ಲದೆ ಟಿ ಕೋಶಗಳು ಸೊರಗುತ್ತವೆ. ಇನ್ನೊಂದು, ಹುಟ್ಟಿದ ಕೈನುರೆನಿನ್ ಕೋಶದೊಳಗಿನ ಎಎಚ್‌ಆರ್ ಎಂಬ ಗ್ರಾಹಕಕ್ಕೆ ಅಂಟಿ, ಕಾದಾಡಬೇಕಾದ ಟಿ ಕೋಶಗಳನ್ನು ತಣ್ಣಗಾಗಿಸುವ ಕಡೆಗೆ ತಿರುಗಿಸುತ್ತದೆ. ಎರಡರಲ್ಲಿ ಯಾವುದು ಮುಖ್ಯ ಎಂಬ ವಾದ ಇವತ್ತಿಗೂ ಪೂರ್ತಿ ಮುಗಿದಿಲ್ಲ.

ಒಂದು ಸಂಗತಿಯನ್ನು ಮಾತ್ರ ಓದುಗರು ಮನಸ್ಸಿನಲ್ಲಿ ಇಟ್ಟುಕೊಳ್ಳಬೇಕು. ಐಡಿಒ1 ಎಲ್ಲ ಕಾಲದಲ್ಲೂ ಒಂದೇ ಪ್ರಮಾಣದಲ್ಲಿ ಇರುವುದಿಲ್ಲ. ಟಿ ಕೋಶಗಳು ದಾಳಿಗಿಳಿದಾಗ ಇಂಟರ್‌ಫೆರಾನ್ ಗ್ಯಾಮಾ ಎಂಬ ಸಂಕೇತ ಬಿಡುಗಡೆ ಮಾಡುತ್ತವೆ. ಆ ಸಂಕೇತ ತಾಗಿದ ಕೂಡಲೇ ಗಡ್ಡೆಯ ಕೋಶಗಳು ಐಡಿಒ1 ಜಾಸ್ತಿ ತಯಾರಿಸುತ್ತವೆ. ಅಂದರೆ ಇದು ದಾಳಿ ಶುರುವಾದ ಮೇಲೆ ಏಳುವ ಗೋಡೆ. ಟಿ ಕೋಶಗಳ ಮೇಲಿನ ಬ್ರೇಕ್ ಆದ ಪಿಡಿ-1 ಅನ್ನು ತಡೆಯುವ, ಪೆಂಬ್ರೊಲಿಝುಮ್ಯಾಬ್‌ನಂಥ ಆ್ಯಂಟಿಬಾಡಿಯ ಜೊತೆ ಐಡಿಒ1 ತಡೆಯುವ ಮಾತ್ರೆ ಸೇರಿಸಬೇಕು ಎಂಬ ಆಸೆ ಹುಟ್ಟಿದ್ದೇ ಇಲ್ಲಿಂದ. ಇಲಿಗಳಲ್ಲಿ ಅದು ಕೆಲಸವನ್ನೂ ಮಾಡಿತು. ಷಿಕಾಗೊದಲ್ಲಿ ಥಾಮಸ್ ಗಜೆವ್‌ಸ್ಕಿ ಅವರ ತಂಡ ಇಲಿಗಳ ಮೆಲನೋಮಾದಲ್ಲಿ ಜೋಡಿ ಚಿಕಿತ್ಸೆ ಕೊಟ್ಟಾಗ, ಗಡ್ಡೆಯೊಳಗೆ ಸೊರಗಿ ಕೂತಿದ್ದ ಟಿ ಕೋಶಗಳು ಮತ್ತೆ ಚೇತರಿಸಿಕೊಂಡು ಸಂಖ್ಯೆ ಹೆಚ್ಚಿಸಿಕೊಂಡವು.

ಅಣುವನ್ನು ಕಟ್ಟಿದ್ದು

1-ಮೀಥೈಲ್ ಟ್ರಿಪ್ಟೊಫಾನ್ ಪ್ರಯೋಗಾಲಯದ ಪುರಾವೆಗೆ ಸಾಕು, ಔಷಧಕ್ಕೆ ಸಾಲದು. ಅದರ ಹಿಡಿತ ಬಹಳ ಸಡಿಲ. ಡೆಲವೇರ್ ರಾಜ್ಯದ ವಿಲ್ಮಿಂಗ್ಟನ್‌ನಲ್ಲಿರುವ ಇನ್‌ಸೈಟ್ ತಂಡ ತನ್ನ ಬಳಿಯಿದ್ದ ದೊಡ್ಡ ಅಣು ಸಂಗ್ರಹವನ್ನು ಕಿಣ್ವದ ಎದುರು ಒಂದೊಂದಾಗಿ ಪರೀಕ್ಷೆಗೆ ಒಡ್ಡಿತು. ಸಿಕ್ಕಿದ್ದು ಹೈಡ್ರಾಕ್ಸಿಅಮಿಡೀನ್ ಎಂಬ ಗುಂಪು ಇದ್ದ ಒಂದು ಸಾಧಾರಣ ಅಣು. ಮೈಕ್ರೋಮೋಲಾರ್ ಮಟ್ಟದ ಶಕ್ತಿ, ಹೇಳಿಕೊಳ್ಳುವಂಥದ್ದಲ್ಲ. ಅದನ್ನು ಅವರು ಹೇಗೆ ಬೆಳೆಸಿದರು ಎಂಬುದನ್ನು ಸ್ವಲ್ಪ ಹತ್ತಿರದಿಂದ ನೋಡೋಣ. ಈ ಕಥೆಯಲ್ಲಿ ನನಗೆ ಅತ್ಯಂತ ಇಷ್ಟವಾದ ಭಾಗ ಇದು.

ಐಡಿಒ1 ಕಿಣ್ವದ ಹೊಟ್ಟೆಯಲ್ಲಿ ಹೀಮ್ ಇದೆ. ನಮ್ಮ ರಕ್ತದ ಹಿಮೋಗ್ಲೋಬಿನ್‌ನಲ್ಲಿ ಇರುವ ಅದೇ ಹೀಮ್, ನಡುವೆ ಕಬ್ಬಿಣದ ಒಂದು ಪರಮಾಣು. ಹೈಡ್ರಾಕ್ಸಿಅಮಿಡೀನ್ ಗುಂಪಿನ ಆಮ್ಲಜನಕ ಹೋಗಿ ಆ ಕಬ್ಬಿಣವನ್ನು ಹಿಡಿಯುತ್ತದೆ. ಹೀಮ್‌ನ ಮೇಲೆ ಒಂದು ಇಕ್ಕಟ್ಟಾದ ಗುಳಿ ಇದೆ. ಅದರೊಳಗೆ ಕೂರಲು ಒಂದು ಬೆಂಜೀನ್ ಉಂಗುರ ಬೇಕು, ಅದರ ಮೇಲೆ ಸರಿಯಾದ ಜಾಗದಲ್ಲಿ ಸರಿಯಾದ ಗಾತ್ರದ ಹ್ಯಾಲೊಜನ್ ಬೇಕು. ಮೊದಲು ಕ್ಲೋರಿನ್ ಇತ್ತು. ಕೊನೆಯ ಅಣುವಿನಲ್ಲಿ ಬ್ರೋಮಿನ್ ಬಂತು, ಪಕ್ಕದಲ್ಲಿ ಫ್ಲೋರಿನ್. ನಡುವೆ ಫ್ಯುರಾಝಾನ್ ಎಂಬ ಐದು ಮೂಲೆಯ ಉಂಗುರ, ಅದರ ಇನ್ನೊಂದು ತುದಿಯಿಂದ ಹೊರಟ ಬಾಲದ ಕೊನೆಯಲ್ಲಿ ಸಲ್ಫಮೈಡ್.

ಔಷಧ ಅಣು ಕಟ್ಟುವವರಿಗೆ ಈ ಪಟ್ಟಿ ಕೇಳಿದರೆ ಹುಬ್ಬು ಮೇಲೇರುತ್ತದೆ. ಹೈಡ್ರಾಕ್ಸಿಅಮಿಡೀನ್, ಫ್ಯುರಾಝಾನ್, ಬ್ರೋಮಿನ್, ಸಲ್ಫಮೈಡ್. ಮಾರುಕಟ್ಟೆಯ ಮಾತ್ರೆಗಳಲ್ಲಿ ಇವು ಒಂದೊಂದೂ ಅಪರೂಪ. ಇಲ್ಲಿ ನಾಲ್ಕೂ ಒಂದೇ ಅಣುವಿನಲ್ಲಿವೆ. ಹೈಡ್ರೋಜನ್ ಬಂಧ ಕಟ್ಟುವ ತುದಿಗಳು ಇಷ್ಟೊಂದಿದ್ದರೆ ಅಣು ನೀರಿಗೆ ಅಂಟಿಕೊಳ್ಳುತ್ತದೆ, ಕರುಳಿನ ಗೋಡೆ ದಾಟುವುದಿಲ್ಲ ಎಂಬುದು ಈ ಕಸುಬಿನ ಸಾಮಾನ್ಯ ಅನುಭವ. ಆದರೆ ಎಪಕಾಡೊಸ್ಟ್ಯಾಟ್ ಇಲಿ, ನಾಯಿ, ಕೋತಿ ಮೂರರಲ್ಲೂ ಬಾಯಿಯ ಮೂಲಕ ಕೊಟ್ಟಾಗ ಚೆನ್ನಾಗಿ ರಕ್ತ ಸೇರಿತು. ಹರಳಿನ ರಚನೆ ತೆಗೆದು ನೋಡಿದಾಗ ಕಾರಣ ಕಂಡಿತು. ಅಣುವಿನ ಒಂದು ತುದಿ ಇನ್ನೊಂದು ತುದಿಯ ಜೊತೆಗೇ ಹೈಡ್ರೋಜನ್ ಬಂಧ ಕಟ್ಟಿಕೊಂಡು ಮಡಿಸಿಕೊಂಡಿತ್ತು. ನೀರಿಗೆ ಅಂಟಬೇಕಾದ ತುದಿಗಳು ತಮ್ಮೊಳಗೇ ಕೈ ಹಿಡಿದಿದ್ದರಿಂದ ಅದು ಪೊರೆಯನ್ನು ದಾಟಬಲ್ಲ ಅಣುವಾಯಿತು ಅಂತ ತಂಡ ವಿವರಿಸಿತು. ಹೀಗಾಗುತ್ತದೆ ಅಂತ ಮೊದಲೇ ಬರೆದಿಟ್ಟು ಮಾಡುವುದು ಕಷ್ಟ. ಆದದ್ದನ್ನು ಗುರುತಿಸಿ, ನಿಯಮಕ್ಕೆ ಹೊಂದುವುದಿಲ್ಲ ಅಂತ ಎಸೆಯದೆ ಉಳಿಸಿಕೊಳ್ಳುವುದಕ್ಕೆ ಒಳ್ಳೆಯ ಕಣ್ಣು ಬೇಕು.

ಇನ್ನೊಂದು ತೊಡಕು ಯಕೃತ್ತಿನದು. ಕಬ್ಬಿಣ ಹಿಡಿಯುವ ಅದೇ ಆಮ್ಲಜನಕಕ್ಕೆ ಯಕೃತ್ತು ಗ್ಲುಕುರೋನಿಕ್ ಆಮ್ಲ ಅಂಟಿಸಿ ಹೊರಹಾಕಲು ನೋಡುತ್ತದೆ. ಆ ಕೆಲಸ ಮಾಡುವುದು ಯುಜಿಟಿ1ಎ9 ಎಂಬ ಕಿಣ್ವ. ಅಂಟಿಸಿದ ಮೇಲೆ ಅಣು ನಿಷ್ಕ್ರಿಯ. ಹಿಡಿತಕ್ಕೆ ಬೇಕಾದ ತುದಿಯೇ ದೇಹ ಕೆಡಿಸುವ ತುದಿಯೂ ಹೌದು. ಹಾಗಾಗಿ ಅದನ್ನು ತೆಗೆಯುವಂತಿಲ್ಲ, ಸುತ್ತಲಿನ ಭಾಗಗಳನ್ನು ಬದಲಿಸುತ್ತಲೇ ಅದಕ್ಕೆ ರಕ್ಷಣೆ ಕೊಡಬೇಕು. ಇದಲ್ಲದೆ ಕರುಳಿನ ಬ್ಯಾಕ್ಟೀರಿಯಾಗಳೂ ಇದೇ ಅಣುವನ್ನು ಇನ್ನೊಂದು ರೂಪಕ್ಕೆ ಮಾರ್ಪಡಿಸುತ್ತವೆ ಅಂತ ಆಮೇಲೆ ಗೊತ್ತಾಯಿತು. ಇಷ್ಟೆಲ್ಲ ಇದ್ದೂ ದಿನಕ್ಕೆರಡು ಮಾತ್ರೆಯಲ್ಲಿ ಕೆಲಸ ನಡೆಯುವಂತೆ ಮಾಡಿದ್ದು ಸಣ್ಣ ಸಾಧನೆಯಲ್ಲ.

ಶಕ್ತಿ ಎಷ್ಟು? ಪ್ರಯೋಗಾಲಯದಲ್ಲಿ ಬೆಳೆಸುವ ಹೀಲಾ ಎಂಬ ಕ್ಯಾನ್ಸರ್ ಕೋಶಗಳಿಗೆ ಇಂಟರ್‌ಫೆರಾನ್ ಗ್ಯಾಮಾ ಕೊಟ್ಟು ಐಡಿಒ1 ಹೊಮ್ಮಿಸಿ, ಕೈನುರೆನಿನ್ ಎಷ್ಟು ಬರುತ್ತದೆ ಅಂತ ಅಳೆಯುವ ಪರೀಕ್ಷೆಯಲ್ಲಿ ಹತ್ತು ನ್ಯಾನೊಮೋಲಾರ್ (ಒಂದು ಮೈಕ್ರೋಮೋಲಾರ್‌ನ ನೂರನೇ ಒಂದು ಭಾಗ) ಆಸುಪಾಸಿನಲ್ಲೇ ಅರ್ಧದಷ್ಟು ತಡೆ ಸಿಕ್ಕಿತು. ಇದೇ ಕೆಲಸ ಮಾಡುವ ಸಂಬಂಧಿ ಕಿಣ್ವಗಳಾದ ಐಡಿಒ2 ಮತ್ತು ಟಿಡಿಒ ಮೇಲೆ ಪರಿಣಾಮ ಇದರ ಸಾವಿರದಲ್ಲಿ ಒಂದು ಭಾಗಕ್ಕಿಂತಲೂ ಕಡಿಮೆ. ಗುರಿಯೊಂದನ್ನೇ ಹೊಡೆಯುವ, ಅಕ್ಕಪಕ್ಕ ಮುಟ್ಟದ ಅಣು. ಆಗ ಇದು ಹೆಗ್ಗಳಿಕೆಯಾಗಿತ್ತು.

ಇಪ್ಪತ್ತೆರಡು ಜನರ ಲೆಕ್ಕ

ಮೊದಲ ಹಂತದಲ್ಲಿ ಎಪಕಾಡೊಸ್ಟ್ಯಾಟ್ ಒಂದನ್ನೇ 52 ರೋಗಿಗಳಿಗೆ ಕೊಟ್ಟರು. ಡೋಸ್ 100 ಮಿಲಿಗ್ರಾಂ ದಿನಕ್ಕೆರಡು ಸಲ ತಲುಪಿದಾಗ ಐಡಿಒ1 ಹೆಚ್ಚುಕಡಿಮೆ ಪೂರ್ತಿ ತಡೆಯಲ್ಪಟ್ಟಿದೆ ಅಂತ ರಕ್ತದ ಪರೀಕ್ಷೆಗಳು ಹೇಳಿದವು. ಆದರೆ ಒಬ್ಬರ ಗಡ್ಡೆಯೂ ನಿಗದಿತ ಅಳತೆಯಷ್ಟು ಕುಗ್ಗಲಿಲ್ಲ. ಕೆಲವರಲ್ಲಿ ಕಾಯಿಲೆ ಸ್ವಲ್ಪ ಕಾಲ ಇದ್ದಲ್ಲೇ ನಿಂತಿತು, ಅಷ್ಟೇ.

ಇದನ್ನು ಯಾರೂ ಕೆಟ್ಟ ಸುದ್ದಿ ಅಂತ ತೆಗೆದುಕೊಳ್ಳಲಿಲ್ಲ. ಈ ಮಾತ್ರೆ ಒಂಟಿಯಾಗಿ ಕೆಲಸ ಮಾಡಬೇಕಾದ್ದೇ ಅಲ್ಲ, ಬ್ರೇಕ್ ಬಿಡಿಸುವ ಆ್ಯಂಟಿಬಾಡಿಯ ಜೊತೆ ಕೊಡಬೇಕಾದ್ದು ಎಂಬುದು ವಾದ. ವಾದದಲ್ಲಿ ತಪ್ಪಿಲ್ಲ. ಆದರೆ ಅದರಿಂದ ಒಂದು ತೊಂದರೆ ಹುಟ್ಟಿತು. ಒಂಟಿಯಾಗಿ ಕೊಟ್ಟಾಗ ಪರಿಣಾಮ ಕಾಣದ ಔಷಧವನ್ನು, ಒಂಟಿಯಾಗಿಯೇ ಚೆನ್ನಾಗಿ ಕೆಲಸ ಮಾಡುವ ಇನ್ನೊಂದು ಔಷಧದ ಜೊತೆ ಕೊಟ್ಟರೆ, ಬಂದ ಫಲದಲ್ಲಿ ಯಾರ ಪಾಲು ಎಷ್ಟು? ಹೋಲಿಸಲು ಪಕ್ಕದಲ್ಲಿ ಇನ್ನೊಂದು ಗುಂಪು ಇಲ್ಲದಿದ್ದರೆ ಹೇಳುವುದು ಹೇಗೆ?

ಎಕೊ-202 ಎಂಬ ಜೋಡಿ ಟ್ರಯಲ್‌ನಲ್ಲಿ ಅಂಥ ಗುಂಪು ಇರಲಿಲ್ಲ. ಎಲ್ಲರಿಗೂ ಎರಡೂ ಔಷಧ. ಅದರ ಮೊದಲ ಭಾಗದ 62 ರೋಗಿಗಳಲ್ಲಿ 22 ಜನ ಮೆಲನೋಮಾದವರು. ಅವರಲ್ಲಿ 12 ಜನರ ಗಡ್ಡೆ ಕುಗ್ಗಿತು. ಶೇ 55. ಪೆಂಬ್ರೊಲಿಝುಮ್ಯಾಬ್ ಒಂದನ್ನೇ ಕೊಟ್ಟ ಹಿಂದಿನ ದೊಡ್ಡ ಟ್ರಯಲ್‌ನಲ್ಲಿ ಈ ಪ್ರಮಾಣ ಶೇ 33ರ ಸುತ್ತ ಇತ್ತು. ಸಭೆಗಳಲ್ಲಿ ಈ 55 ಮತ್ತು 33 ಅಕ್ಕಪಕ್ಕ ಬಂದಾಗ ಉತ್ಸಾಹ ಏರಿತು. ಏರದೇ ಇರುತ್ತದೆಯೇ? ಜೋಡಿಯಾಗಿ ಕೊಡುವ ಇನ್ನೊಂದು ಆ್ಯಂಟಿಬಾಡಿ ಇಪಿಲಿಮುಮ್ಯಾಬ್ ಕೂಡ ಫಲ ಕೊಡುತ್ತಿತ್ತು, ಆದರೆ ಅದರ ಅಡ್ಡಪರಿಣಾಮ ತೀವ್ರ. ಇಲ್ಲಿ ಒಂದು ಮಾತ್ರೆ, ಸಹಿಸಿಕೊಳ್ಳಲು ಸುಲಭ, ಫಲವೂ ಹತ್ತಿರಹತ್ತಿರ.

ಈಗ ಒಂದು ಸಣ್ಣ ಲೆಕ್ಕ. 22ರಲ್ಲಿ 12 ಅಂದರೆ, ಸಂಖ್ಯಾಶಾಸ್ತ್ರದ ಪ್ರಕಾರ ನಿಜವಾದ ಪ್ರಮಾಣ ಶೇ 32ರಿಂದ ಶೇ 76ರ ನಡುವೆ ಎಲ್ಲಿ ಬೇಕಾದರೂ ಇರಬಹುದು. ಇದು ಶೇ 95 ವಿಶ್ವಾಸದ ವ್ಯಾಪ್ತಿ, ಕ್ಯಾಲ್ಕುಲೇಟರ್‌ನಲ್ಲಿ ಯಾರೂ ಮಾಡಿ ನೋಡಬಹುದು. ಶೇ 33 ಆ ವ್ಯಾಪ್ತಿಯ ಒಳಗೇ ಇದೆ. ಮಾತ್ರೆ ಏನೂ ಮಾಡದಿದ್ದರೂ ಇಂಥ ಫಲಿತಾಂಶ ಬರುವ ಸಾಧ್ಯತೆಯನ್ನು ಆ ಅಂಕಿ ತಳ್ಳಿಹಾಕಿರಲಿಲ್ಲ. ಜೊತೆಗೆ, ಆರಂಭಿಕ ಟ್ರಯಲ್‌ಗಳಿಗೆ ಸೇರುವವರು ಒಟ್ಟಾರೆ ಆರೋಗ್ಯದಲ್ಲಿ ಸ್ವಲ್ಪ ಗಟ್ಟಿ ಇರುವುದು ಸಾಮಾನ್ಯ. ಅಂಥವರಲ್ಲಿ ಪೆಂಬ್ರೊಲಿಝುಮ್ಯಾಬ್ ತಾನೇ ಚೆನ್ನಾಗಿ ಕೆಲಸ ಮಾಡುತ್ತದೆ.

ಇಲ್ಲಿ ಬೇಕಾಗಿದ್ದದ್ದು ನೂರು, ನೂರೈವತ್ತು ಜನರ ಎರಡು ಗುಂಪಿನ ಒಂದು ಮಧ್ಯಮ ಟ್ರಯಲ್. ಅದನ್ನು ಹಾರಿ, 2016ರ ಜೂನ್‌ನಲ್ಲಿ ನೇರವಾಗಿ 706 ಜನರ ಮೂರನೇ ಹಂತ ಶುರುವಾಯಿತು. 2017ರ ಆಗಸ್ಟ್ ಹೊತ್ತಿಗೆ ಸೇರ್ಪಡೆ ಮುಗಿದೂ ಹೋಯಿತು. ಶ್ವಾಸಕೋಶ, ಮೂತ್ರಕೋಶ, ಮೂತ್ರಪಿಂಡ, ತಲೆ-ಕುತ್ತಿಗೆಯ ಕ್ಯಾನ್ಸರ್‌ಗೂ ದೊಡ್ಡ ಟ್ರಯಲ್‌ಗಳ ಸಾಲು ಹೊರಟಿತು. ಹಿಂದೆ ಬಿದ್ದರೆ ಪ್ರತಿಸ್ಪರ್ಧಿ ಮುಂದೆ ಹೋಗುತ್ತಾನೆ ಎಂಬ ಒತ್ತಡ ಎಲ್ಲ ಕಂಪನಿಗಳ ಮೇಲೂ ಇತ್ತು. ಅದು ಅರ್ಥವಾಗುವಂಥದ್ದೇ. ಆದರೆ ತಿಂಗಳುಗಟ್ಟಲೆ ದಿನಕ್ಕೆರಡು ಮಾತ್ರೆ ನುಂಗಿದವರು, ಇನ್ನೊಂದು ಟ್ರಯಲ್‌ಗೆ ಹೋಗಬಹುದಾಗಿದ್ದವರು, ಕಾಯಿಲೆ ಮುಂದುವರಿದ ಮನುಷ್ಯರು. ಅವರ ಸಮಯದ ಬೆಲೆ ಷೇರಿನ ಬೆಲೆಗಿಂತ ದೊಡ್ಡದು. ಇದನ್ನು ಗಟ್ಟಿಯಾಗಿ ಹೇಳಬೇಕು.

ನೂರು ಮಿಲಿಗ್ರಾಂ ಯಾಕೆ?

ನನ್ನ ದೃಷ್ಟಿಯಲ್ಲಿ ಈ ಪ್ರಕರಣದ ಗಂಟು ಇರುವುದು ಡೋಸ್‌ನಲ್ಲಿ. ಮೂರನೇ ಹಂತಕ್ಕೆ ಹೋದದ್ದು 100 ಮಿಲಿಗ್ರಾಂ, ದಿನಕ್ಕೆರಡು ಸಲ. ಇಷ್ಟು ಸಾಕು ಎಂಬ ಲೆಕ್ಕಕ್ಕೆ ಆಧಾರ, ಮಾತ್ರೆಯನ್ನು ಒಂಟಿಯಾಗಿ ಪಡೆದ ರೋಗಿಗಳ ರಕ್ತದಲ್ಲಿ ಕಂಡ ಅಳತೆ. ಆದರೆ ಟ್ರಯಲ್‌ನಲ್ಲಿ ಅದರ ಜೊತೆ ಪೆಂಬ್ರೊಲಿಝುಮ್ಯಾಬ್ ಇತ್ತು.

ಹಿಂದೆ ಹೇಳಿದ ಸಂಗತಿ ಇಲ್ಲಿ ಬೇಕು. ಪೆಂಬ್ರೊಲಿಝುಮ್ಯಾಬ್ ಕೆಲಸ ಮಾಡಿದರೆ ಟಿ ಕೋಶಗಳು ಎದ್ದೇಳುತ್ತವೆ. ಎದ್ದರೆ ಇಂಟರ್‌ಫೆರಾನ್ ಗ್ಯಾಮಾ ಹೊಮ್ಮುತ್ತದೆ. ಹೊಮ್ಮಿದರೆ ಐಡಿಒ1 ಏರುತ್ತದೆ, ಕೈನುರೆನಿನ್ ಏರುತ್ತದೆ. ಜೋಡಿಗೆ ಹೋಗಬೇಕು ಅಂದದ್ದೇ ಈ ಕಾರಣಕ್ಕೆ. ಹಾಗಾದರೆ ಜೋಡಿಯಲ್ಲಿ ತಡೆಯಬೇಕಾದ ಕಿಣ್ವದ ಪ್ರಮಾಣವೂ ಜಾಸ್ತಿ ಆಗಿರುತ್ತದೆ, ಅಲ್ವಾ? ಬೇಸಿಗೆಯಲ್ಲಿ ಕೆರೆಯ ನೀರು ಅಳೆದು ಏರಿಯ ಎತ್ತರ ನಿಗದಿ ಮಾಡಿ, ಮಳೆಗಾಲವನ್ನು ಅದರ ಮೇಲೆ ಬಿಟ್ಟ ಹಾಗೆ ಆಯಿತು ಇದು. ಟ್ರಯಲ್ ಸೋತ ಮೇಲೆ ಪಿಡಿ-1 ಆ್ಯಂಟಿಬಾಡಿಯ ಜೊತೆ ಎಪಕಾಡೊಸ್ಟ್ಯಾಟ್ ಕೊಟ್ಟ ಅಧ್ಯಯನಗಳು 600 ಮಿಲಿಗ್ರಾಂ ದಿನಕ್ಕೆರಡು ಸಲದವರೆಗೂ ಹೋದವು. ಆರು ಪಟ್ಟು. ಹೆಚ್ಚಿನ ಡೋಸ್ ಕೊಟ್ಟಿದ್ದರೆ ಗೆಲ್ಲುತ್ತಿತ್ತು ಅಂತ ಇದರಿಂದ ಸಾಬೀತಾಗುವುದಿಲ್ಲ. ಆದರೆ 706 ಜನರ ಟ್ರಯಲ್ ಐಡಿಒ1 ಎಂಬ ಗುರಿಯನ್ನು ನಿಜಕ್ಕೂ ಪರೀಕ್ಷಿಸಿತೇ ಎಂಬ ಪ್ರಶ್ನೆ ತೆರೆದೇ ಉಳಿಯಿತು. ಇಷ್ಟೆಲ್ಲ ಖರ್ಚಾದ ಮೇಲೂ ಉತ್ತರ ಸಿಗದೇ ಹೋದದ್ದು ನನ್ನನ್ನು ಎಲ್ಲಕ್ಕಿಂತ ಜಾಸ್ತಿ ಕಾಡುತ್ತದೆ.

ಇದರ ಜೊತೆಗೆ ಎಲ್ಲಿ ಅಳೆದರು ಎಂಬುದೂ ಮುಖ್ಯ. ಅಳತೆ ನಡೆದದ್ದು ರಕ್ತದಲ್ಲಿ. ರಕ್ತದ ಕೈನುರೆನಿನ್‌ನ ದೊಡ್ಡ ಪಾಲು ಯಕೃತ್ತಿನಿಂದ ಬರುತ್ತದೆ, ಅಲ್ಲಿ ಅದನ್ನು ತಯಾರಿಸುವುದು ಟಿಡಿಒ. ಎಪಕಾಡೊಸ್ಟ್ಯಾಟ್ ಮುಟ್ಟದ ಕಿಣ್ವ ಅದು. ಹಾಗಾಗಿ ರಕ್ತ ನೋಡಿ ಗಡ್ಡೆಯೊಳಗೆ ಏನಾಗುತ್ತಿದೆ ಅಂತ ಹೇಳುವುದು ಬಹಳ ಕಷ್ಟ. ಚಿಕಿತ್ಸೆಗೆ ಮೊದಲು ಒಂದು, ಆಮೇಲೆ ಒಂದು ಅಂತ ಗಡ್ಡೆಯ ಚೂರು ತೆಗೆದು ಒಳಗಿನ ಟ್ರಿಪ್ಟೊಫಾನ್, ಕೈನುರೆನಿನ್ ಎರಡನ್ನೂ ನೋಡಬೇಕಿತ್ತು. ರೋಗಿಗೆ ಅದು ನೋವಿನ ಕೆಲಸ, ನಿಜ. ಆದರೆ ಕೆಲವೇ ರೋಗಿಗಳಲ್ಲಿ ಸಿಗುವ ಆ ಉತ್ತರ ನೂರಾರು ಜನರನ್ನು ವ್ಯರ್ಥ ಚಿಕಿತ್ಸೆಯಿಂದ ತಪ್ಪಿಸುತ್ತದೆ.

ಹೆಗ್ಗಳಿಕೆಯಾಗಿದ್ದ ಆಯ್ಕೆಯ ನಿಖರತೆಯೂ ಆಮೇಲೆ ಬೇರೆ ಥರ ಕಾಣತೊಡಗಿತು. ಐಡಿಒ1 ಒಂದನ್ನೇ ಮುಚ್ಚಿದರೆ ಟಿಡಿಒ ತೆರೆದೇ ಇರುತ್ತದೆ. 2020ರಲ್ಲಿ ಜರ್ಮನಿಯ ಕ್ರಿಸ್ಟಿಯಾನೆ ಓಪಿಟ್ಸ್ ಅವರ ತಂಡ ಐಎಲ್4ಐ1 ಎಂಬ ಮೂರನೆಯದೇ ಬಗೆಯ ಕಿಣ್ವವನ್ನು ತೋರಿಸಿತು. ಅದೂ ಟ್ರಿಪ್ಟೊಫಾನ್ ಒಡೆಯುತ್ತದೆ, ಅದರಿಂದ ಬಂದ ವಸ್ತುಗಳೂ ಎಎಚ್‌ಆರ್ ಗ್ರಾಹಕವನ್ನು ಎಬ್ಬಿಸುತ್ತವೆ. ಐಡಿಒ1 ತಡೆದರೂ ಆ ದಾರಿ ಮುಚ್ಚುವುದಿಲ್ಲ. ಇಷ್ಟು ಸಾಲದು ಎಂಬಂತೆ, ಐಡಿಒ1 ಪ್ರೋಟೀನ್‌ಗೆ ಕಿಣ್ವದ ಕೆಲಸದ ಹೊರತಾಗಿ ಕೋಶದೊಳಗೆ ಸಂಕೇತ ದಾಟಿಸುವ ಇನ್ನೊಂದು ಕೆಲಸವೂ ಇದೆ. ಹೀಮ್‌ಗೆ ಅಡ್ಡ ಕೂತ ಅಣು ಆ ಕೆಲಸವನ್ನು ನಿಲ್ಲಿಸಲೇಬೇಕು ಅಂತೇನಿಲ್ಲ.

ಇಲಿಗಳು ಸುಳ್ಳು ಹೇಳಿದವೇ? ಹಾಗೆ ಅನ್ನಲಾರೆ. ಐಡಿಒ1 ತಯಾರಿಸುವ ಗಡ್ಡೆಗಳಲ್ಲಿ, ಲಿಂಫೊಸೈಟ್‌ಗಳು (ಟಿ ಕೋಶದಂಥ ರೋಗನಿರೋಧಕ ಕೋಶಗಳು) ಇರುವ ಇಲಿಗಳಲ್ಲಿ, ಔಷಧ ಕೆಲಸ ಮಾಡಿತು. ಆ ಪ್ರಯೋಗ ಸರಿಯಾಗಿಯೇ ನಡೆದಿತ್ತು. ಮನುಷ್ಯರ ಗಡ್ಡೆಗೆ ಒಂದು ದಾರಿ ಮುಚ್ಚಿದರೆ ಇನ್ನೊಂದು ಹುಡುಕಿಕೊಳ್ಳುವಷ್ಟು ವರ್ಷಗಳ ಕಾಲಾವಕಾಶ ಸಿಕ್ಕಿರುತ್ತದೆ. ಕೆಲವೇ ವಾರ ಬೆಳೆದ ಇಲಿಯ ಗಡ್ಡೆಗೆ ಅದು ಸಿಕ್ಕಿರುವುದಿಲ್ಲ.

ಬೆಂಗಳೂರಿನಲ್ಲಿ ಇದೇ ಹೊತ್ತಿಗೆ

ಇದೇ ವರ್ಷಗಳಲ್ಲಿ ಬೆಂಗಳೂರಿನ ಆರಿಜೀನ್ ಕಂಪನಿ ಇನ್ನೂ ನೇರವಾದ ಸವಾಲಿಗೆ ಕೈ ಹಾಕಿತ್ತು. ಪಿಡಿ-1 ದಾರಿಯನ್ನೇ ಆ್ಯಂಟಿಬಾಡಿಯ ಬದಲು ಮಾತ್ರೆಯಿಂದ ತಡೆಯುವುದು ಅವರ ಗುರಿ. 2015ರಲ್ಲಿ ಅಮೆರಿಕದ ಕ್ಯುರಿಸ್ ಜೊತೆ ಒಪ್ಪಂದವಾಯಿತು, ಸಿಎ-170 ಎಂಬ ಅಣು 2016ರಲ್ಲಿ ರೋಗಿಗಳವರೆಗೂ ಹೋಯಿತು. 2019ರಲ್ಲಿ ಪೋಲೆಂಡ್‌ನ ಕ್ರಾಕೋವ್‌ನ ವಿಜ್ಞಾನಿಗಳು ಈ ಅಣು ಪಿಡಿ-1ಗೆ ಜೋಡಿಯಾಗುವ ಪಿಡಿ-ಎಲ್1 ಪ್ರೋಟೀನ್‌ಗೆ ನೇರವಾಗಿ ಅಂಟುವುದು ತಮ್ಮ ಪರೀಕ್ಷೆಗಳಲ್ಲಿ ಕಾಣಲಿಲ್ಲ ಅಂತ ಬರೆದರು. 2021ರಲ್ಲಿ ಆರಿಜೀನ್ ತಂಡ ಕೋಶ ಮತ್ತು ಪ್ರಾಣಿಗಳಲ್ಲಿ ಅಣು ಕೆಲಸ ಮಾಡುವುದರ ತನ್ನ ಪುರಾವೆಗಳನ್ನು ಪ್ರಕಟಿಸಿತು. ಎಪಕಾಡೊಸ್ಟ್ಯಾಟ್‌ನಲ್ಲಿ ಅಣು ಗುರಿಗೆ ಅಂಟುತ್ತದೆಯೇ ಎಂಬ ಬಗ್ಗೆ ಜಗಳವೇ ಇರಲಿಲ್ಲ, ಇಲ್ಲಿ ಮೊದಲ ಪ್ರಶ್ನೆಯೇ ಅದು.

ಮಾತ್ರೆಯ ಆಸೆ ನಮಗೆ ಯಾಕೆ ಇಷ್ಟು ಮುಖ್ಯ ಅಂತ ಬಿಡಿಸಿ ಹೇಳಬೇಕಿಲ್ಲ. ನಮ್ಮಲ್ಲಿ ಆ್ಯಂಟಿಬಾಡಿ ಚಿಕಿತ್ಸೆಯ ಒಂದೊಂದು ಸುತ್ತಿಗೂ ಲಕ್ಷದ ಲೆಕ್ಕ. ಮುಂಬೈನ ಟಾಟಾ ಮೆಮೋರಿಯಲ್ ವೈದ್ಯರು ತಲೆ-ಕುತ್ತಿಗೆಯ ಕ್ಯಾನ್ಸರ್‌ನಲ್ಲಿ ನಿವೊಲುಮ್ಯಾಬ್ ಎಂಬ ಪಿಡಿ-1 ಆ್ಯಂಟಿಬಾಡಿಯನ್ನು ಬರೀ 20 ಮಿಲಿಗ್ರಾಂ ಕೊಟ್ಟು, ಅಂದರೆ ಸಾಮಾನ್ಯ ಡೋಸ್‌ನ ಹತ್ತನೇ ಒಂದು ಭಾಗಕ್ಕಿಂತ ಕಡಿಮೆ, ರೋಗಿಗಳ ಆಯುಷ್ಯ ಹೆಚ್ಚಿದ್ದನ್ನು ಎರಡು ಗುಂಪಿನ ಟ್ರಯಲ್‌ನಲ್ಲಿ ತೋರಿಸಿದ್ದಾರೆ. ಡೋಸ್ ಎಂಬುದು ಸುಮ್ನೆ ಒಂದು ಅಂಕಿ ಅಲ್ಲ. ಕೆಲವು ಕಡೆ ಅಗತ್ಯಕ್ಕಿಂತ ಹತ್ತು ಪಟ್ಟು ಕೊಡುತ್ತಿರುತ್ತೇವೆ, ಕೆಲವು ಕಡೆ ಬೇಕಾದ್ದನ್ನು ಮುಟ್ಟಿಯೇ ಇರುವುದಿಲ್ಲ. ಅಳೆಯದೆ ಗೊತ್ತಾಗುವುದಿಲ್ಲ.

ಕೊನೆಗೂ ಗಡ್ಡೆಯೊಳಗೆ ನೋಡಿದಾಗ

ಅಂಥ ಅಳತೆ ನಡೆದದ್ದು 2022ರಲ್ಲಿ ಪ್ರಕಟವಾಯಿತು. ಕುನ್ಲೆ ಒಡುನ್ಸಿ ಅವರ ತಂಡ ಅಂಡಾಶಯದ ಕ್ಯಾನ್ಸರ್ ಇದ್ದ 17 ಮಹಿಳೆಯರಿಗೆ ಶಸ್ತ್ರಚಿಕಿತ್ಸೆಗೆ ಮೊದಲು ಎರಡು ವಾರ ಎಪಕಾಡೊಸ್ಟ್ಯಾಟ್ ಕೊಟ್ಟಿತು. ಮೊದಲು ಮತ್ತು ಆಮೇಲೆ ಗಡ್ಡೆಯ ಚೂರು ತೆಗೆದು ಒಳಗಿನ ರಾಸಾಯನಿಕಗಳನ್ನೆಲ್ಲ ಅಳೆಯಿತು.

ಕೈನುರೆನಿನ್ ದಾರಿ ಚೆನ್ನಾಗಿಯೇ ಮುಚ್ಚಿತ್ತು. ಅಂದರೆ ಅಣು ಗಡ್ಡೆಯೊಳಗೆ ಹೋಗಿ ತನ್ನ ಕೆಲಸ ಮಾಡುತ್ತಿತ್ತು. ಆದರೆ ಅಲ್ಲಿ ಒಡೆಯದೆ ಉಳಿದ ಟ್ರಿಪ್ಟೊಫಾನ್ ಸೆರೊಟೊನಿನ್ ದಾರಿಗೆ ಹರಿದಿತ್ತು. ಎನ್‌ಎಡಿ ಎಂಬ ಅಣುವಿನ ಪ್ರಮಾಣ ಏರಿತ್ತು. ಏರಿದ ಎನ್‌ಎಡಿ ಟಿ ಕೋಶಗಳ ಬೆಳವಣಿಗೆಯನ್ನೂ ಕೆಲಸವನ್ನೂ ಕುಗ್ಗಿಸುತ್ತಿತ್ತು. ಔಷಧ ಒಂದು ಅಡ್ಡಿಯನ್ನು ತೆಗೆದ ಜಾಗದಲ್ಲೇ ಇನ್ನೊಂದು ಅಡ್ಡಿ ಎದ್ದಿತ್ತು. ರಕ್ತದ ಪರೀಕ್ಷೆಯಲ್ಲಿ ಇದು ಯಾವತ್ತೂ ಕಾಣುತ್ತಿರಲಿಲ್ಲ.

ಅದೇ ತಂಡ ಮುಂದಿನ ಹೆಜ್ಜೆಯನ್ನೂ ಇಟ್ಟಿತು. ಎನ್‌ಎಡಿಯಿಂದ ಬರುವ ವಸ್ತುಗಳು ಟಿ ಕೋಶದ ಮೇಲಿನ ಎ2ಎ, ಎ2ಬಿ ಎಂಬ ಅಡೆನೊಸಿನ್ ಗ್ರಾಹಕಗಳ ಮೂಲಕ ಕೆಲಸ ಮಾಡುತ್ತಿರಬಹುದು ಅಂತ ಊಹಿಸಿ, ಆ ಗ್ರಾಹಕಗಳನ್ನು ತಡೆದು ನೋಡಿತು. ಟಿ ಕೋಶಗಳು ಚೇತರಿಸಿಕೊಂಡವು. ಐಡಿಒ1 ಜಾಸ್ತಿ ಇರುವ ಅಂಡಾಶಯ ಕ್ಯಾನ್ಸರ್‌ನ ಇಲಿಗಳಿಗೆ ಎಪಕಾಡೊಸ್ಟ್ಯಾಟ್ ಜೊತೆಗೆ ಈ ಗ್ರಾಹಕಗಳನ್ನು ತಡೆಯುವ ಪುಟ್ಟ ಅಣುವನ್ನೂ ಕೊಟ್ಟಾಗ ಅವು ಹೆಚ್ಚು ಕಾಲ ಬದುಕಿದವು. ಅಡೆನೊಸಿನ್ ಗ್ರಾಹಕ ತಡೆಯುವ ಅಣುಗಳು ಈಗಾಗಲೇ ಬೇರೆ ಬೇರೆ ಕಂಪನಿಗಳ ಬಳಿ ಇವೆ, ಮನುಷ್ಯರಲ್ಲಿ ಪರೀಕ್ಷೆಗೂ ಒಳಗಾಗಿವೆ. ಅವನ್ನು ಎಪಕಾಡೊಸ್ಟ್ಯಾಟ್ ಜೊತೆ ರೋಗಿಗಳಲ್ಲಿ ಪ್ರಯತ್ನಿಸುವುದಾದರೆ, ಮೊದಲ ಟ್ರಯಲ್ ಸಣ್ಣದಾಗಿರಲಿ, ಪಕ್ಕದಲ್ಲಿ ಹೋಲಿಕೆಯ ಗುಂಪು ಇರಲಿ, ಗಡ್ಡೆಯ ಚೂರನ್ನು ಎರಡು ಸಲ ತೆಗೆದು ನೋಡುವ ಏರ್ಪಾಡು ಮೊದಲ ದಿನದಿಂದಲೇ ಇರಲಿ.